ಮೀನಿನ ಮೆದುಳು ಕಾಯಲು ಹೊರಟವಳಿಗೆ

ನೋಡಮ್ಮ, ಕೀಟನಾಶಕದ ನಂಜಿನಿಂದ ಮೀನಿನ ಮೆದುಳನ್ನು ಮೆಲಟೋನಿನ್ ಹಾರ್ಮೋನು ಹೇಗೆ ಕಾಪಾಡುತ್ತದೆ ಎಂಬುದನ್ನೇ ಪಿಎಚ್.ಡಿ.ಗೆ ಆರಿಸಿಕೊಂಡಿದ್ದೀಯಂತೆ. ಕೇಳಿ ಸಂತೋಷವಾಯಿತು. ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನ್ನಂಥವನಿಗೆ, ನಮ್ಮ ಕೆರೆ ಹಳ್ಳಗಳ ಮೀನಿನ ಬಗ್ಗೆ ಯೋಚಿಸುವ ಹುಡುಗಿಯೊಬ್ಬಳು ಸಿಕ್ಕಳು ಎನ್ನುವುದೇ ದೊಡ್ಡ ಸಮಾಧಾನ. ಕೆಲಸಕ್ಕೆ ಇಳಿಯುವ ಮೊದಲು ನಾಲ್ಕು ಮಾತು ಹೇಳಬೇಕೆನಿಸಿತು. ನಿನ್ನ ಮಾರ್ಗದರ್ಶಕರು ಹೇಳಿರಬಹುದಾದದ್ದೂ ಇದರಲ್ಲಿ ಸೇರಿದ್ದರೆ ಇನ್ನೊಮ್ಮೆ ಕೇಳಿಸಿಕೊ.

ವಿಷ ಉಂಡ ಮೀನಿಗೆ ಮೆಲಟೋನಿನ್ ಕೊಟ್ಟರೆ ಅದರ ಮೆದುಳಿನ ಹಾನಿ ಕಡಿಮೆಯಾಯಿತು ಎಂಬ ಫಲಿತಾಂಶ ನಿನಗೆ ಬಹುಶಃ ಸಿಕ್ಕೇ ಸಿಗುತ್ತದೆ. ಇಲಿಯಲ್ಲಿ ಸಿಕ್ಕಿದೆ, ಮೀನಿನಲ್ಲೂ ಸಿಕ್ಕಿದೆ. ಯಾವ ಹಾನಿ ಕಡಿಮೆಯಾಯಿತು, ಯಾವುದು ಹಾಗೇ ಉಳಿಯಿತು, ಆ ಮೀನನ್ನು ಸುಮ್ಮನೆ ಒಳ್ಳೆಯ ನೀರಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವುದೇ ಕಷ್ಟ. ನಿನ್ನ ಪ್ರಬಂಧದ ತೂಕ ಇರುವುದು ಅಲ್ಲಿ.

ಮೊದಲು ವಿಷದ ಕಡೆ ನೋಡೋಣ. ಕ್ಲೋರ್‌ಪೈರಿಫಾಸ್, ಮ್ಯಾಲಥಿಯಾನ್, ಮೋನೋಕ್ರೋಟೋಫಾಸ್ ಇವೆಲ್ಲ ಆರ್ಗನೋಫಾಸ್ಫೇಟ್ ಜಾತಿಗೆ ಸೇರಿದವು. ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿದ ತಕ್ಷಣ ಒಡೆದು ಹೋಗಬೇಕು. ಹಾಗೆ ಒಡೆಯುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಆರ್ಗನೋಫಾಸ್ಫೇಟ್ ಹೋಗಿ ಅಂಟಿಕೊಳ್ಳುವುದು ಈ ಕಿಣ್ವಕ್ಕೇ. ಕ್ಲೋರ್‌ಪೈರಿಫಾಸ್ ಬಂದ ರೂಪದಲ್ಲಿ ಅಷ್ಟು ಬಲಶಾಲಿಯಲ್ಲ. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಅದು ಆಕ್ಸಾನ್ ಎಂಬ ರೂಪ ತಾಳಿದ ಮೇಲೆ ಕಿಣ್ವವನ್ನು ಬಲವಾಗಿ ಹಿಡಿಯುತ್ತದೆ. ಸುದ್ದಿ ನಿಲ್ಲದೆ ಹರಿಯುತ್ತಲೇ ಇರುತ್ತದೆ. ಮೀನು ದಿಕ್ಕು ತಪ್ಪಿ ಸುತ್ತುತ್ತದೆ, ಮೇಲಕ್ಕೆ ಬಂದು ಗಾಳಿ ಕಚ್ಚುತ್ತದೆ, ಸಮತೋಲ ಕಳೆದುಕೊಂಡು ಓರೆಯಾಗಿ ತೇಲುತ್ತದೆ, ಕೆಲವೊಮ್ಮೆ ಬೆನ್ನೆಲುಬೇ ಸೊಟ್ಟಗಾಗುತ್ತದೆ. ಕಾರ್ಬಮೇಟ್‌ಗಳೂ ಇದೇ ಕಿಣ್ವವನ್ನು ಹಿಡಿಯುತ್ತವೆ, ಆದರೆ ಅವು ಹೆಚ್ಚು ಹೊತ್ತು ಹಿಡಿದಿರದೆ ತಾವಾಗಿ ಬಿಡುತ್ತವೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಪೈರಿಥ್ರಾಯ್ಡ್‌ಗಳ ಗುರಿಯೇ ಬೇರೆ. ನರದ ಪೊರೆಯಲ್ಲಿ ಸೋಡಿಯಂ ಒಳಬರುವ ದಾರಿಯನ್ನು ಮುಚ್ಚಲು ಅವು ಬಿಡುವುದಿಲ್ಲ. ಇಂಥ ವಿಷವನ್ನು ಹಸುವೂ ಮನುಷ್ಯನೂ ಒಡೆದು ಹೊರಹಾಕುವಷ್ಟು ಚುರುಕಾಗಿ ಮೀನು ಒಡೆಯಲಾರದು. ಮೇಲಾಗಿ ಅದರ ಕಿವಿರಿನ ತೆಳು ಪೊರೆಯ ಮೂಲಕ ನೀರು ಸದಾ ಹರಿಯುತ್ತಿರುವುದರಿಂದ ನೀರಿನಲ್ಲಿರುವ ವಿಷ ಸೀದಾ ರಕ್ತಕ್ಕೆ ಸೇರುತ್ತದೆ.

ಇಲ್ಲಿಯವರೆಗಿನದು ಮೊದಲ ಪೆಟ್ಟು. ನಿನ್ನ ಹಾರ್ಮೋನಿನ ಕೆಲಸ ಇರುವುದು ಎರಡನೆಯ ಪೆಟ್ಟಿನಲ್ಲಿ. ನರಗಳು ಬಿಡುವಿಲ್ಲದೆ ಉದ್ರೇಕಗೊಂಡಾಗ, ವಿಷವನ್ನು ಒಡೆಯಲು ದೇಹ ಹೆಣಗುವಾಗ, ಆಮ್ಲಜನಕದ ಪುಂಡ ರೂಪಗಳು ಜೀವಕೋಶದಲ್ಲಿ ಹೆಚ್ಚುತ್ತವೆ. ಇವಕ್ಕೆ ಮುಕ್ತ ರಾಡಿಕಲ್ ಎನ್ನುತ್ತಾರೆ ಎಂದು ನೀನು ಓದಿದ್ದೀಯ. ಮೆದುಳಿಗೆ ಇವುಗಳಿಂದ ಅಪಾಯ ಹೆಚ್ಚು. ಅಲ್ಲಿ ನಯವಾದ, ಬೇಗ ಕೆಡುವ ಕೊಬ್ಬು ಹೇರಳವಾಗಿದೆ. ಮೀನಿನ ಮೆದುಳಿನಲ್ಲಂತೂ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಧಾರಾಳವಾಗಿದೆ. ಆಮ್ಲಜನಕವನ್ನು ಹೆಚ್ಚು ಬಳಸುವ ಅಂಗವೂ ಅದೇ, ತನ್ನನ್ನು ಕಾಯ್ದುಕೊಳ್ಳುವ ಕಿಣ್ವಗಳು ಯಕೃತ್ತಿಗೆ ಹೋಲಿಸಿದರೆ ಕಡಿಮೆ ಇರುವುದೂ ಅಲ್ಲೇ. ಮುಚ್ಚಳ ತೆರೆದಿಟ್ಟ ಕಡಲೆಕಾಯಿ ಎಣ್ಣೆ ದಿನ ಕಳೆದಂತೆ ಕಮಟು ಹಿಡಿಯುತ್ತದಲ್ಲ, ಬದುಕಿರುವ ಮೆದುಳಿನ ಪೊರೆಯಲ್ಲೂ ಆಗುವುದು ಅದೇ ರಸಾಯನ ಕ್ರಿಯೆ. ನೀನು ಅಳೆಯಲಿರುವ ಮ್ಯಾಲನ್‌ಡೈಆಲ್ಡಿಹೈಡ್ ಆ ಕಮಟಿನ ಉಳಿಕೆ.

ಈ ಎರಡನೆಯ ಪೆಟ್ಟನ್ನು ತಡೆಯುವ ಏರ್ಪಾಡು ಮೀನಿನೊಳಗೇ ಇದೆ. ಗ್ಲುಟಾಥಯೋನ್ ಇದೆ, ಕೆಟಲೇಸ್, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವಗಳಿವೆ. ಸಿ ಜೀವಸತ್ವವೂ ಬೇಕು, ಆದರೆ ನಮ್ಮಂತೆಯೇ ಬಹುತೇಕ ಎಲುಬಿನ ಮೀನುಗಳಿಗೆ ಅದನ್ನು ತಾವೇ ತಯಾರಿಸಿಕೊಳ್ಳುವ ಶಕ್ತಿ ಇಲ್ಲ, ಮೇವಿನಿಂದಲೇ ಬರಬೇಕು. ಹಳೆಯ ಮೇವಿನಲ್ಲಿ ಈ ಜೀವಸತ್ವ ನಾಶವಾಗಿರುತ್ತದೆ. ನಿನ್ನ ತೊಟ್ಟಿಗಳಿಗೆ ಹಾಕುವ ಮೇವು ಯಾವಾಗ ತಯಾರಾದದ್ದು, ಎಲ್ಲಿಟ್ಟದ್ದು ಎಂದು ಬರೆದಿಟ್ಟುಕೊ. ಹಳಸಿದ ಮೇವು ತಿಂದು ಮೊದಲೇ ಬಡವಾದ ಮೀನಿಗೆ ಯಾವ ಆ್ಯಂಟಿಆಕ್ಸಿಡೆಂಟ್ ಕೊಟ್ಟರೂ ಪವಾಡದಂತೆ ಕಾಣುತ್ತದೆ.

ಇನ್ನು ಮೆಲಟೋನಿನ್. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಏರನ್ ಲರ್ನರ್ ಎಂಬ ಚರ್ಮವೈದ್ಯರು ದನದ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ಕಪ್ಪೆಯ ಚರ್ಮವನ್ನು ತಿಳಿಯಾಗಿಸುವ ವಸ್ತುವನ್ನು. ಅದು ಮುಕ್ತ ರಾಡಿಕಲ್‌ಗಳನ್ನು ನೇರವಾಗಿ ತಟಸ್ಥಗೊಳಿಸುತ್ತದೆ ಎಂದು ತೋರಿಸಿದ್ದು 1993ರಲ್ಲಿ ಟೆಕ್ಸಾಸಿನ ರಸೆಲ್ ರೈಟರ್ ಅವರ ತಂಡ. ಇದರ ಚೆಲುವು ಏನೆಂದರೆ, ಒಂದು ರಾಡಿಕಲ್ಲನ್ನು ಹಿಡಿದ ಮೇಲೆ ಮೆಲಟೋನಿನ್ ಯಾವ ರೂಪಕ್ಕೆ ಬದಲಾಗುತ್ತದೋ ಅದಕ್ಕೂ ಇನ್ನೊಂದನ್ನು ಹಿಡಿಯುವ ಗುಣ ಇರುತ್ತದೆ. ಕೊಬ್ಬಿಗೆ ಚೆನ್ನಾಗಿ, ನೀರಿಗೂ ಅಷ್ಟಿಷ್ಟು ಒಗ್ಗುವ ಪುಟ್ಟ ಅಣುವಾದ್ದರಿಂದ ರಕ್ತದಿಂದ ಮೆದುಳಿಗೆ ತಡೆಯಿಲ್ಲದೆ ದಾಟುತ್ತದೆ. ಮೇಲೆ ಹೇಳಿದ ಕಿಣ್ವಗಳನ್ನೂ ಚುರುಕುಗೊಳಿಸುತ್ತದೆ.

ಮೀನಿನಲ್ಲಿ ಪೀನಿಯಲ್ ಗ್ರಂಥಿ ತಲೆಬುರುಡೆಯ ತೆಳುವಾದ ಭಾಗದ ಕೆಳಗೇ ಇದೆ. ನಮ್ಮಲ್ಲಿ ಅದು ಕಣ್ಣಿನ ಮೂಲಕ ಬೆಳಕಿನ ಸುದ್ದಿ ಪಡೆಯುತ್ತದೆ, ಮೀನಿನಲ್ಲಿ ತಾನೇ ಬೆಳಕನ್ನು ಗುರುತಿಸುತ್ತದೆ. 1911ರಲ್ಲೇ ಕಾರ್ಲ್ ಫಾನ್ ಫ್ರಿಷ್ ಕುರುಡು ಮಾಡಿದ ಪುಟ್ಟ ಮೀನುಗಳೂ ಬೆಳಕಿಗೆ ತಕ್ಕಂತೆ ಮೈಬಣ್ಣ ಬದಲಿಸುವುದನ್ನು ಕಂಡು, ಇದು ಪೀನಿಯಲ್ ಇರುವ ಜಾಗದ ಕೆಲಸ ಎಂದು ತೋರಿಸಿದರು. ಜೇನ್ನೊಣದ ಕುಣಿತ ಬಿಡಿಸಿ ಹೇಳಿ 1973ರಲ್ಲಿ ನೊಬೆಲ್ ಪಡೆದವರೂ ಅವರೇ. ಕತ್ತಲಾದರೆ ಮೆಲಟೋನಿನ್ ಏರುತ್ತದೆ, ಬೆಳಕು ಹರಿದರೆ ಇಳಿಯುತ್ತದೆ. ನಿನ್ನ ಪ್ರಯೋಗ ಇದರ ಮೇಲೆ ನಿಂತಿದೆ.

ಹಾಗಾಗಿ ಮೊದಲ ಬುದ್ಧಿಮಾತು: ರಾತ್ರಿ ನಿನ್ನ ಪ್ರಯೋಗಾಲಯದ ದೀಪ ಆರಿರುತ್ತದೆಯೇ ಎಂದು ನೋಡು. ಕಾವಲಿಗೆಂದು ಮೂಲೆಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಸಾಕು, ಏನೂ ಕೊಡದ ನಿನ್ನ ಗುಂಪಿನ ಮೀನುಗಳಿಗೂ ರಾತ್ರಿಯ ಮೆಲಟೋನಿನ್ ಸಿಗುವುದಿಲ್ಲ. ಜರ್ಮನಿಯ ಬರ್ಲಿನ್ನಿನಲ್ಲಿ ಪರ್ಚ್ ಮೀನಿನ ಮೇಲೆ ಮಾಡಿದ ಪ್ರಯೋಗದಲ್ಲಿ ರಾತ್ರಿ ಬರೀ 1 ಲಕ್ಸ್ ಬೆಳಕು ಬಿದ್ದದ್ದಕ್ಕೇ ಈ ಹಾರ್ಮೋನು ಬಹಳ ತಗ್ಗಿತು. ತುಂಬು ಬೆಳದಿಂಗಳ ಬೆಳಕು ಇದರ ಮೂರನೇ ಒಂದು ಭಾಗವೂ ಇರುವುದಿಲ್ಲ. ತೊಟ್ಟಿಗಳಿಗೆ ಕಪ್ಪು ಬಟ್ಟೆ ಹೊದಿಸು, ರಾತ್ರಿ ಮಾದರಿ ತೆಗೆಯುವುದಾದರೆ ಮಂದ ಕೆಂಪು ಬೆಳಕಿನಲ್ಲಿ ತೆಗೆ, ಎಲ್ಲ ಗುಂಪುಗಳ ಮಾದರಿಯನ್ನೂ ದಿನದ ಒಂದೇ ಹೊತ್ತಿಗೆ ತೆಗೆ. ಹಗಲು ಒಂದು ಗುಂಪು, ಸಂಜೆ ಇನ್ನೊಂದು ಎಂದು ಮಾಡಿದರೆ ನೀನು ಅಳೆದದ್ದು ಔಷಧದ ಗುಣವನ್ನಲ್ಲ, ಗಡಿಯಾರವನ್ನು.

ಪ್ರಮಾಣದ ಮಾತು. ರಾತ್ರಿ ಹೊತ್ತಿನಲ್ಲಿ ಮೀನಿನ ರಕ್ತದ ಒಂದು ಮಿಲಿಲೀಟರಿನಲ್ಲಿ ಇರುವ ಮೆಲಟೋನಿನ್ ಕೆಲವು ನೂರು ಪಿಕೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಕೆಲವು ನೂರು ಭಾಗ. ಪ್ರಯೋಗಗಳಲ್ಲಿ ದೇಹತೂಕದ ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಚುಚ್ಚುತ್ತಾರೆ. ಅಷ್ಟು ಕೊಟ್ಟಾಗ ಅದು ಹಾರ್ಮೋನಾಗಿ ಅಲ್ಲ, ಔಷಧವಾಗಿ ಕೆಲಸ ಮಾಡುತ್ತಿರುತ್ತದೆ. ತಪ್ಪೇನಿಲ್ಲ, ಆದರೆ ಹಾಗೆಂದು ಬರೆ. ಮೀನಿನ ಸ್ವಂತ ರಾತ್ರಿಯ ಮಟ್ಟ ಅದನ್ನು ವಿಷದಿಂದ ಎಷ್ಟು ಕಾಯುತ್ತದೆ ಎಂಬುದು ಇನ್ನೂ ಚೆಂದದ ಪ್ರಶ್ನೆ. ಒಂದು ಗುಂಪನ್ನು ನಿಜವಾದ ಕತ್ತಲಲ್ಲಿ, ಇನ್ನೊಂದನ್ನು ಬೀದಿದೀಪದಷ್ಟು ಬೆಳಕಿನಲ್ಲಿ ಇಟ್ಟು ಅದೇ ವಿಷ ಕೊಟ್ಟು ನೋಡು. ಸುತ್ತ ಹೈಮಾಸ್ಟ್ ದೀಪ ನಿಲ್ಲಿಸಿದ ನಮ್ಮ ಊರು ಕೆರೆಗಳಿಗೆ ಬೇಕಾದ ಉತ್ತರ ಅದರಿಂದ ಸಿಗುತ್ತದೆ.

ಮೆಲಟೋನಿನ್ ನೀರಿನಲ್ಲಿ ಸುಲಭವಾಗಿ ಕರಗದು, ಆಲ್ಕೊಹಾಲಿನಲ್ಲಿ ಕರಗಿಸುತ್ತೀರಿ. ಆಲ್ಕೊಹಾಲು ತಾನೇ ಮೆದುಳಿನ ಮೇಲೆ ಕೆಲಸ ಮಾಡುವ ವಸ್ತು. ಆಲ್ಕೊಹಾಲು ಮಾತ್ರ ಕೊಟ್ಟ ಗುಂಪು ಒಂದು ಇರಲೇಬೇಕು. ಮೀನನ್ನು ಮಂಪರಾಗಿಸಲು ನಮ್ಮ ಕಡೆ ಲವಂಗದೆಣ್ಣೆ ಬಳಸುವ ರೂಢಿ ಇದೆ, ಮೀನಿಗೆ ನೋವಾಗದಂತೆ ಮಾಡಲು ಅದು ಒಳ್ಳೆಯದೇ. ಆದರೆ ಅದರಲ್ಲಿರುವ ಯೂಜೆನಾಲ್ ಕೂಡ ಆ್ಯಂಟಿಆಕ್ಸಿಡೆಂಟ್. ಎಲ್ಲ ಗುಂಪಿಗೂ ಅದನ್ನು ಒಂದೇ ಹೊತ್ತು, ಒಂದೇ ಪ್ರಮಾಣದಲ್ಲಿ ಕೊಡು. ಅಂಗಡಿಯಲ್ಲಿ ಸಿಗುವ ಕೀಟನಾಶಕದ ಬಾಟಲಿಯಲ್ಲಿ ಮೂಲ ವಿಷದ ಜೊತೆ ದ್ರಾವಕ, ಎಮಲ್ಸಿಫೈಯರ್ ಎಲ್ಲ ಸೇರಿರುತ್ತವೆ, ಅವೂ ಮೀನಿಗೆ ಹಿತವಲ್ಲ. ಹೊಲದ ಪ್ರಶ್ನೆ ಕೇಳುವುದಾದರೆ ಬಾಟಲಿಯದನ್ನೇ ಬಳಸು, ಕಿಣ್ವದ ಪ್ರಶ್ನೆ ಕೇಳುವುದಾದರೆ ಶುದ್ಧ ವಸ್ತುವನ್ನು ತರಿಸು. ಎರಡನ್ನೂ ಕಲಸಬೇಡ. ತೊಟ್ಟಿಗೆ ಇಷ್ಟು ಹಾಕಿದೆ ಎಂದು ಬರೆದರೆ ಸಾಲದು, ನೀರಿನಲ್ಲಿ ನಿಜಕ್ಕೂ ಎಷ್ಟಿದೆ ಎಂದು ಅಳೆಸು. ಕ್ಲೋರ್‌ಪೈರಿಫಾಸ್ ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ, ಕ್ಷಾರದ ನೀರಿನಲ್ಲಿ ಬೇಗ ಒಡೆಯುತ್ತದೆ.

ಕಮಟಿನ ಉಳಿಕೆ ಅಳೆಯುವ ಗುಲಾಬಿ ಬಣ್ಣದ ಪರೀಕ್ಷೆ ಇದೆಯಲ್ಲ, 532 ನ್ಯಾನೋಮೀಟರಿನಲ್ಲಿ ಓದುವುದು, ಅದನ್ನೊಂದನ್ನೇ ನೆಚ್ಚಬೇಡ. ಸಕ್ಕರೆ ಮೊದಲಾದ ಬೇರೆ ವಸ್ತುಗಳಿಗೂ ಅದು ಬಣ್ಣ ಕೊಡುತ್ತದೆ. 1961ರಲ್ಲಿ ಎಲ್‌ಮನ್ ಕೊಟ್ಟ ಹಳದಿ ಬಣ್ಣದ ಪರೀಕ್ಷೆ ಕೋಲಿನೆಸ್ಟರೇಸ್‌ಗೆ ಇವತ್ತಿಗೂ ಒಳ್ಳೆಯದು, ಆದರೆ ಅಲ್ಲೇ ಒಂದು ಜಾರುವ ಜಾಗ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಮೆಲಟೋನಿನ್ ಕೊಟ್ಟ ಗುಂಪಿನಲ್ಲಿ ಕೋಲಿನೆಸ್ಟರೇಸ್ ಹೆಚ್ಚು ಉಳಿದಿದೆ ಎಂದು ಕಂಡಿತು ಅಂದುಕೊ. ಸಡಗರದಿಂದ ‘ಹಾರ್ಮೋನು ಕಿಣ್ವವನ್ನು ಬಿಡಿಸಿತು’ ಎಂದು ಬರೆಯಬೇಡ. ಆರ್ಗನೋಫಾಸ್ಫೇಟ್ ಹಿಡಿದ ಕಿಣ್ವವನ್ನು ಬಿಡಿಸಲು ಬೇರೆಯದೇ ಔಷಧ ಇದೆ. ವಿಷ ಕುಡಿದು ಬಂದವರಿಗೆ ಆಸ್ಪತ್ರೆಯಲ್ಲಿ ಪ್ರಾಲಿಡಾಕ್ಸಿಮ್ ಕೊಡುವುದು ಅದಕ್ಕೇ, ಅಟ್ರೋಪಿನ್ ಕೊಡುವುದು ಲಕ್ಷಣ ತಗ್ಗಿಸಲು. ಹೊತ್ತು ಮೀರಿ ಆ ಹಿಡಿತ ಗಟ್ಟಿಯಾದರೆ ಪ್ರಾಲಿಡಾಕ್ಸಿಮ್ ಕೂಡ ಸೋಲುತ್ತದೆ, ದೇಹ ಹೊಸ ಕಿಣ್ವ ತಯಾರಿಸಿಕೊಳ್ಳುವವರೆಗೆ ಕಾಯಬೇಕು. ಮೆಲಟೋನಿನ್ನಿಗೆ ಆ ಹಿಡಿತ ಬಿಡಿಸುವ ಕೈಯಿಲ್ಲ. ಹಾಗಾದರೆ ಕಿಣ್ವ ಹೇಗೆ ಉಳಿಯಿತು? ಆಕ್ಸಾನ್ ತಯಾರಾಗುವುದೇ ಕಡಿಮೆಯಾಯಿತೆ? ಮೀನು ಶಾಂತವಾಗಿದ್ದು ಕಿವಿರಿನ ಮೂಲಕ ಒಳಗೆ ಬಂದ ವಿಷವೇ ಕಡಿಮೆಯೆ? ಮೆದುಳಿನಲ್ಲಿ ಉಳಿದ ವಿಷವನ್ನು ಅಳೆಯದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಮೊದಲ ಪೆಟ್ಟು ಹಾಗೇ ಬಿದ್ದಿದೆ, ಎರಡನೆಯದು ತಗ್ಗಿದೆ ಎಂಬ ಫಲಿತಾಂಶ ಬಂದರೆ ಅದನ್ನೂ ಎದೆ ತಟ್ಟಿ ಬರೆ. ಅದು ಸೋಲಲ್ಲ, ಹಾರ್ಮೋನಿನ ಗಡಿ ಎಲ್ಲಿದೆ ಎಂದು ಗುರುತಿಸಿದ ಕೆಲಸ.

ಹಾಗೆಯೇ ವಿಷಕ್ಕೆ ಮೊದಲೇ ಹಾರ್ಮೋನು ಕೊಟ್ಟರೆ ಫಲಿತಾಂಶ ಚೆನ್ನಾಗಿ ಬರುತ್ತದೆ. ಹಳ್ಳದ ಮೀನಿಗೆ ಯಾರು ಮೊದಲೇ ಕೊಡುತ್ತಾರಮ್ಮ? ವಿಷ ತಾಗಿದ ಮೇಲೆ ಕೊಟ್ಟ ಗುಂಪೂ ಇರಲಿ. ಅದಕ್ಕಿಂತ ಮುಖ್ಯವಾಗಿ, ಹಾರ್ಮೋನು ಕೊಡದೆ, ವಿಷ ತಾಗಿದ ಮೀನನ್ನು ಬರೀ ಶುದ್ಧ ನೀರಿಗೆ ಬಿಟ್ಟು ಕೆಲವು ವಾರ ಸಾಕಿದ ಒಂದು ಗುಂಪು ಬೇಕೇ ಬೇಕು. ಬಹಳ ಪ್ರಯೋಗಗಳಲ್ಲಿ ಈ ಗುಂಪನ್ನೇ ಕೈಬಿಡುತ್ತಾರೆ. ಮೀನಿನ ಮೆದುಳು ನಮ್ಮದರಂತಲ್ಲ, ಬದುಕಿರುವಷ್ಟು ಕಾಲ ಹೊಸ ನರಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಜೀಬ್ರಾ ಮೀನು ಮೆದುಳಿಗಾದ ಗಾಯವನ್ನೇ ತುಂಬಿಕೊಳ್ಳಬಲ್ಲದು. ಶುದ್ಧ ನೀರು ಎಷ್ಟು ವಾಸಿ ಮಾಡಿತು, ಅದರ ಮೇಲೆ ಮೆಲಟೋನಿನ್ ಎಷ್ಟು ಸೇರಿಸಿತು ಎಂದು ಹೇಳಿದರೆ ನಿನ್ನ ಮಾತನ್ನು ವಿಜ್ಞಾನಿಯೂ ಕೇಳುತ್ತಾನೆ, ರೈತನೂ ಕೇಳುತ್ತಾನೆ.

ಪ್ರನಾಳದಲ್ಲೇ ನಿಲ್ಲಬೇಡ, ಮೀನು ಏನು ಮಾಡುತ್ತದೆ ನೋಡು. ಅದೇ ಫಾನ್ ಫ್ರಿಷ್ 1938ರಲ್ಲಿ ಇನ್ನೊಂದು ಸಂಗತಿ ಬರೆದರು. ಗಾಯಗೊಂಡ ಮೀನಿನ ಚರ್ಮದಿಂದ ಹೊರಬರುವ ವಸ್ತುವಿನ ವಾಸನೆ ಹತ್ತಿದರೆ ಗುಂಪಿನ ಉಳಿದ ಮೀನುಗಳು ಬೆದರಿ ಅಡಗುತ್ತವೆ. ಗೆಂಡೆಯ ಕುಲದ ಬಹುತೇಕ ಮೀನುಗಳಿಗೆ ಈ ಎಚ್ಚರಿಕೆ ಇದೆ, ಸಾಲ್ಮನ್‌ನಂಥವಕ್ಕೂ ಇದೆ. 2000ದಲ್ಲಿ ಅಮೆರಿಕದ ಸಂಶೋಧಕರು ಡಯಾಜಿನಾನ್ ಎಂಬ ಆರ್ಗನೋಫಾಸ್ಫೇಟ್ ತುಸುವೇ ತಾಗಿದ ಚಿನೂಕ್ ಸಾಲ್ಮನ್ ಮೀನುಗಳು ಈ ಎಚ್ಚರಿಕೆಯನ್ನು ಕಡೆಗಣಿಸುತ್ತವೆ, ಹುಟ್ಟಿದ ಹೊಳೆಗೆ ಮರಳುವ ದಾರಿಯನ್ನೂ ತಪ್ಪುತ್ತವೆ ಎಂದು ತೋರಿಸಿದರು. ಆ ಮೀನು ಸತ್ತಿರಲಿಲ್ಲ. ಲೆಕ್ಕದಲ್ಲಿ ಬದುಕಿದೆ ಎಂದೇ ಬರೆದಿರುತ್ತಿತ್ತು. ನಮ್ಮ ಹಳ್ಳದಲ್ಲಿ ಅಂಥ ಮೀನನ್ನು ಮಿಂಚುಳ್ಳಿಯೋ ಬೆಳ್ಳಕ್ಕಿಯೋ ಎತ್ತಿಕೊಂಡು ಹೋಗಿರುತ್ತದೆ, ಕೀಟನಾಶಕದ ಖಾತೆಗೆ ಅದು ಸೇರುವುದೇ ಇಲ್ಲ. ನಿನ್ನ ಹಾರ್ಮೋನು ಕಮಟನ್ನು ತಗ್ಗಿಸಿತು, ಸರಿ. ಮೀನು ಮತ್ತೆ ಬೆದರಿ ಓಡಿತೇ? ಅದನ್ನು ನೋಡಲು ಒಂದು ತೊಟ್ಟಿ, ಒಂದು ಕ್ಯಾಮೆರಾ ಸಾಕು. ನೋಡುವವರಿಗೆ ಯಾವ ಗುಂಪಿನ ಮೀನೆಂದು ಗೊತ್ತಿರಬಾರದು, ಅಷ್ಟೆ.

ಮೀನಿನ ಮೇವಿಗೆ ಮೆಲಟೋನಿನ್ ಬೆರೆಸಿ ಮಾರೋಣ ಎಂದು ಯಾರಾದರೂ ನಿನ್ನ ಬಾಗಿಲಿಗೆ ಬಂದರೆ ಅವಸರಪಡಬೇಡ. ಅದು ಉಪ್ಪಲ್ಲ, ಹಾರ್ಮೋನು. ಮೀನಿಗೆ ಯಾವ ಋತುವಿನಲ್ಲಿ ಮೊಟ್ಟೆ ಬಲಿಯಬೇಕು ಎಂದು ಹೇಳುವ ಏರ್ಪಾಡಿನ ಭಾಗ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಸೌಮೆನ್ ಕುಮಾರ್ ಮೈತ್ರ ಮತ್ತು ಅವರ ಶಿಷ್ಯರು ಕಾಟ್ಲಾ ಮೀನಿನ ಮೇಲೆ ಬಹುಕಾಲ ಮಾಡಿದ ಕೆಲಸವನ್ನು ಓದು. ಅದೇ ಹಾರ್ಮೋನು ವರ್ಷದ ಒಂದು ಕಾಲದಲ್ಲಿ ಅಂಡಾಶಯ ಬೆಳೆಯಲು ನೆರವಾದರೆ ಇನ್ನೊಂದು ಕಾಲದಲ್ಲಿ ತಡೆಯುತ್ತದೆ. ತಾಯಿ ಮೀನುಗಳ ಮೆದುಳು ಉಳಿಸಲು ಹೋಗಿ ಮರಿ ಇಲ್ಲದಂತೆ ಆಗಬಾರದು.

ಈಗ ಹೊರಗಿನ ಮಾತು. ನಿನ್ನ ತೊಟ್ಟಿಗಿಂತ ದೊಡ್ಡ ಪ್ರಯೋಗ ನಮ್ಮ ಸುತ್ತ ನಡೆಯುತ್ತಲೇ ಇದೆ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೆರೆಗೆ ಹತ್ತುಮೀನು ಏರುತ್ತದೆ, ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ. ಆಳವಿಲ್ಲದ, ಬೆಚ್ಚಗಿನ ಗದ್ದೆಯ ನೀರಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಆ ಮರಿಗಳು ಬೆರಳುದ್ದ ಆಗುವ ಹೊತ್ತಿಗೆ ಸರಿಯಾಗಿ ಭತ್ತಕ್ಕೆ ಕಾಂಡ ಕೊರಕ, ಎಲೆ ಸುರುಳಿ ಹುಳ ಬಂದು ಔಷಧಿ ಹೊಡೆಯುವ ಕಾಲ. ಮೆದುಳು ಬೆಳೆಯುತ್ತಿರುವ ಮರಿಗೆ ತಾಗುವ ವಿಷದ ಪೆಟ್ಟು ದೊಡ್ಡ ಮೀನಿಗೆ ತಾಗಿದಂತಲ್ಲ. ಅಡಿಕೆ ತೋಟದ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಮೀನಿನ ಘ್ರಾಣಶಕ್ತಿಗೆ ಹಾನಿ ಮಾಡುತ್ತದೆ, ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲಿ ತಾಮ್ರದ ಪೆಟ್ಟು ಇನ್ನೂ ಜೋರು. ಅಡಿಕೆಗೆ ಅದು ಬೇಕು, ನಾನು ಬೇಡ ಎನ್ನುವುದಿಲ್ಲ. ಡ್ರಮ್ಮಿನಲ್ಲಿ ಉಳಿದದ್ದನ್ನು ಹಳ್ಳಕ್ಕೆ ಚೆಲ್ಲುವುದು ಬೇಡ ಎನ್ನುತ್ತೇನೆ.

ಬಯಲುಸೀಮೆಯ ಕೃಷಿ ಹೊಂಡಗಳಲ್ಲಿ ಈಗ ಮೀನು ಸಾಕುವವರು ಹೆಚ್ಚುತ್ತಿದ್ದಾರೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಅಂಚಿನವರೆಗೆ ತುಂಬಿದೆ, ಅದರ ಗೋಡೆಗಳು ನೆಟ್ಟಗಿವೆ ಎಂದೇ ಇಟ್ಟುಕೊ, ಸುಮಾರು 13 ಲಕ್ಷ ಲೀಟರ್ ನೀರು. ಶೇ 25ರ ಸೈಪರ್‌ಮೆಥ್ರಿನ್ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್, ಅದಕ್ಕೆ ಬಿದ್ದರೆ ಲೀಟರಿಗೆ ಹತ್ತಿರಹತ್ತಿರ 1 ಮೈಕ್ರೋಗ್ರಾಂ ಆಗುತ್ತದೆ. ಪ್ರಯೋಗಾಲಯದ ನೀರಿನಲ್ಲಿ ಹಲವು ಜಾತಿಯ ಮೀನುಗಳಲ್ಲಿ ಅರ್ಧದಷ್ಟು ನಾಲ್ಕು ದಿನದೊಳಗೆ ಸಾಯುವ ಪ್ರಮಾಣ ಇದೇ ಆಸುಪಾಸಿನದು. ಕೆಸರೂ ಪಾಚಿಯೂ ಈ ವಿಷವನ್ನು ಹೀರಿಕೊಂಡು ಪೆಟ್ಟು ತಗ್ಗಿಸುತ್ತವೆ, ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಕೆಸರೆಷ್ಟು? ಔಷಧಿ ಹೊಡೆದ ಕ್ಯಾನನ್ನು ಆ ಹೊಂಡದಲ್ಲಿ ಅದ್ದಿ ತೊಳೆಯುವುದನ್ನು ಬಹಳ ಊರುಗಳಲ್ಲಿ ಕಾಣುತ್ತೇವೆ. ಈ ಲೆಕ್ಕವನ್ನು ರೈತರ ಮುಂದೆ ಚಮಚ ಹಿಡಿದೇ ಹೇಳು.

ಇನ್ನೊಂದು ವಿಷಯವನ್ನೂ ಅವರಿಗೆ ಹೇಳು. ಬಾಟಲಿಯ ಮೇಲಿನ ಬಣ್ಣದ ತ್ರಿಕೋನ, ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು, ಇದು ಸಸ್ತನಿಗಳಿಗೆ ಎಷ್ಟು ವಿಷ ಎಂಬುದರ ಮೇಲೆ ಹಾಕಿದ್ದು. ಮೀನಿಗೆ ಎಷ್ಟು ಎಂದು ಆ ಬಣ್ಣ ಹೇಳುವುದಿಲ್ಲ. ಕೆಂಪಲ್ಲ, ಪರವಾಗಿಲ್ಲ ಎಂದು ಕೆರೆಯ ಏರಿಯ ಮೇಲೆ ನಿಂತು ಹೊಡೆಯುವವರಿಗೆ ಇದು ಗೊತ್ತಿರುವುದಿಲ್ಲ. ಹೂವಿನಿಂದ, ಬೇರಿನಿಂದ ತೆಗೆದದ್ದು ಎಂದ ಮಾತ್ರಕ್ಕೆ ಮೀನಿಗೆ ಸೌಮ್ಯ ಎಂದೂ ಅಲ್ಲ. ಪೈರಿಥ್ರಾಯ್ಡ್‌ಗಳನ್ನು ತಯಾರಿಸಿದ್ದು ಸೇವಂತಿಗೆಯ ಬಳಗದ ಹೂವಿನ ವಿಷದ ಮಾದರಿಯಲ್ಲೇ.

ಕೆರೆಯಲ್ಲಿ ಮೀನು ಸತ್ತು ತೇಲಿದಾಗ ನಿನ್ನನ್ನೇ ಕರೆಯುತ್ತಾರೆ, ಆಗ ನೋಡಬೇಕಾದದ್ದು ಕೇಳು. ಬೆಳಗಿನ ಜಾವ ಸತ್ತಿವೆಯೇ, ದೊಡ್ಡವು ಮೊದಲು ಸತ್ತಿವೆಯೇ, ಹಾಗಾದರೆ ಹೆಚ್ಚಾಗಿ ಆಮ್ಲಜನಕದ ಕೊರತೆ. ಕೀಟನಾಶಕವಾದರೆ ಹೊತ್ತಿನ ಲೆಕ್ಕವಿಲ್ಲ, ಸಣ್ಣವು ಮೊದಲು ಹೋಗುತ್ತವೆ, ನೀರಿನ ಹುಳಗಳೂ ಪ್ರಾಣಿಪ್ಲವಕಗಳೂ ಜೊತೆಗೇ ಸಾಯುತ್ತವೆ, ಬದುಕಿದವು ನಡುಗುತ್ತ ಸುತ್ತುತ್ತವೆ. ಆಗಷ್ಟೇ ಸತ್ತ ಮೀನಿನ ತಲೆಯನ್ನು ಮಂಜುಗಡ್ಡೆಯಲ್ಲಿಟ್ಟು ತಾ. ಕೋಲಿನೆಸ್ಟರೇಸ್ ಎಷ್ಟು ಕುಸಿದಿದೆ ಎಂಬುದು ಆರ್ಗನೋಫಾಸ್ಫೇಟ್‌ಗೆ ಸಾಕ್ಷಿಯಾಗುತ್ತದೆ. ನಿನ್ನ ವಿದ್ಯೆ ಊರಿಗೆ ನೇರವಾಗಿ ಉಪಯೋಗಕ್ಕೆ ಬರುವ ಜಾಗ ಇದು. ಮೀನು ಹಿಡಿಯಲೆಂದೇ ಹಳ್ಳಕ್ಕೆ ಕೀಟನಾಶಕ ಸುರಿಯುವವರೂ ಇದ್ದಾರೆ. ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆ ಮೀನನ್ನು ಮನೆಯ ಮಕ್ಕಳೂ ಉಣ್ಣುತ್ತಾರೆ ಎಂಬುದು ಕಾಯ್ದೆಗಿಂತ ದೊಡ್ಡ ಮಾತು.

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಸುರಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯೂ ಅದೇ ಕಥೆ. ಮೀನಿಗೆ ಅತ್ಯಂತ ಘೋರವಾದ ವಿಷಗಳಲ್ಲಿ ಅದೊಂದು. ಪಡ್ರೆ ಗ್ರಾಮದವರು, ಅವರಲ್ಲಿ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು, ಅಲ್ಲಿನ ವೈದ್ಯರು ಬರೆದು, ಕೂಗಿ, ಹೋರಾಡಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು, ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ಡೈಕ್ಲೋರ್‌ವಾಸ್, ಫೋರೇಟ್, ಟ್ರಯಾಜೋಫಾಸ್ 2020ರ ಕೊನೆಗೆ ನಮ್ಮಲ್ಲಿ ನಿಂತವು. ಮೇಲೆ ಹೇಳಿದ ಕ್ಲೋರ್‌ಪೈರಿಫಾಸ್ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದೆ. ಮೀನಿನ ಮೆದುಳಿಗೆ ಈವರೆಗೆ ಸಿಕ್ಕ ಅತಿ ದೊಡ್ಡ ರಕ್ಷಣೆ ಇಂಥ ತೀರ್ಮಾನಗಳಿಂದ ಬಂದದ್ದು. ಅವುಗಳ ಹಿಂದೆ ನಿನ್ನಂಥವರು ತೊಟ್ಟಿಯ ಪಕ್ಕ ನಿಂತು ಅಳೆದ ಅಂಕಿಗಳಿವೆ. ಆದ್ದರಿಂದ ನಿನ್ನ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ‘ಮೆಲಟೋನಿನ್ ಇದೆ, ಹೆದರಬೇಕಿಲ್ಲ’ ಎಂದು ಓದುವವರಿಗೆ ಅನಿಸುವಂಥ ಒಂದು ವಾಕ್ಯವನ್ನೂ ಬಿಡಬೇಡ. ಆ ಒಂದು ವಾಕ್ಯವನ್ನು ಕಿತ್ತುಕೊಂಡು ಕೀಟನಾಶಕ ಮಾರುವವರು ಹೊರಡುತ್ತಾರೆ.

ಪ್ರಬಂಧ ಇಂಗ್ಲಿಷಿನಲ್ಲಿ ಬರೆಯುತ್ತೀ, ಬರೆ. ಜೊತೆಗೆ ಕನ್ನಡದಲ್ಲಿ ಎರಡು ಪುಟ ಬರೆದು ನಿನ್ನ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಮೀನುಗಾರಿಕೆ ಇಲಾಖೆಗೂ ಮೀನುಗಾರರ ಸಹಕಾರ ಸಂಘಕ್ಕೂ ಕೊಡು. ಕ್ಯಾನನ್ನು ಎಲ್ಲಿ ತೊಳೆಯಬಾರದು, ಔಷಧಿ ಹೊಡೆದ ಮೇಲೆ ಗದ್ದೆಯ ನೀರನ್ನು ಯಾಕೆ ತಕ್ಷಣ ಹಳ್ಳಕ್ಕೆ ಬಿಡಬಾರದು, ಮೀನು ಸತ್ತರೆ ಯಾರಿಗೆ ಹೇಳಬೇಕು, ಇಷ್ಟು ಅದರಲ್ಲಿರಲಿ. ಶುದ್ಧ ನೀರಿಗೆ ಬಿಟ್ಟ ಆ ಗುಂಪಿನ ಫಲಿತಾಂಶವನ್ನು ಮೊದಲ ಪುಟದ ಮೊದಲ ಸಾಲಿನಲ್ಲೇ ಹಾಕು.